ಏರ್‌ಬ್ರಶ್‌ಗೆ ಯಾವ್ ಬಣ್ಣ ತಗೋಬೇಕು

ಸ್ಕೇಲ್ ಮಾಡೆಲ್ (ನಿಜವಾದ ವಿಮಾನ, ಗಾಡಿಗಳ ಚಿಕ್ಕ ಮಾದರಿ) ಮಾಡೋಕೆ ಹೊಸದಾಗಿ ಏರ್‌ಬ್ರಶ್, ಅಂದ್ರೆ ಗಾಳಿಯಿಂದ ಬಣ್ಣ ಸಿಂಪಡಿಸೋ ಪೆನ್ನಿನಂಥ ಉಪಕರಣ, ತಗೊಂಡವ್ರು ಮೊದ್ಲು ಕೇಳೋದೇ ಯಾವ ಪೇಂಟ್ ಸೆಟ್ ತಗೊಳ್ಳಲಿ ಅಂತ. ನಾನಂತೂ ಸೆಟ್ಟೇ ಬೇಡ ಅಂತೀನಿ, ಅದ್ರಲ್ಲಿ ಅರ್ಧ ಬಣ್ಣ ಮುಚ್ಚಳಾನೂ ತೆಗೀದೆ ಹಾಗೇ ಉಳ್ಕೊಳುತ್ತೆ. ಮೊದ್ಲು ಯಾವ ವಿಮಾನ ಮಾಡ್ತೀರಾ ಅಂತ ನಿರ್ಧಾರ ಮಾಡಿ, ಮಾಡೆಲ್ ಕಿಟ್ ಜೊತೆ ಬರೋ ಬಣ್ಣದ ಶೀಟ್ ನೋಡ್ಕೊಂಡು ಅದಕ್ಕೆ ಬೇಕಾದ್ದು ಮಾತ್ರ ತರ್ಸಿ.

ನನ್ ಹತ್ರ ಯಾವಾಗ್ಲೂ ಇರೋದು ಜಪಾನಿನ ತಮಿಯಾ ಕಂಪನಿಯ ಎಕ್ಸ್‌ಎಫ್-1 ಕಪ್ಪು, ಎಕ್ಸ್‌ಎಫ್-2 ಬಿಳಿ, ಎಕ್ಸ್‌ಎಫ್-53 ನ್ಯೂಟ್ರಲ್ ಗ್ರೇ, ಟೈರಿಗೆ ಎಕ್ಸ್‌ಎಫ್-85 ರಬ್ಬರ್ ಬ್ಲ್ಯಾಕ್, ಇದ್ರಲ್ಲಿ ಬಿಳಿ ಬೇಗ ಖಾಲಿಯಾಗುತ್ತೆ ಯಾಕಂದ್ರೆ ಬೇರೆ ಬಣ್ಣ ತಿಳಿ ಮಾಡೋಕೂ ಅದೇ ಬೇಕು, ಎರಡು ಬಾಟ್ಲಿ ಇಟ್ಕೊಳ್ಳಿ. ಇವನ್ನ ತೆಳ್ಳಗೆ ಮಾಡೋಕೆ ತಮಿಯಾದ್ದೇ ಎಕ್ಸ್-20ಎ ಥಿನ್ನರ್ ಕಲ್ಸಿ. ಹಾಲಿನಷ್ಟು ತೆಳ್ಳಗಾಗ್ಬೇಕು.

ಥಿನ್ನರ್ ಕಲ್ಸೋ ರಗಳೆ ಬೇಡ ಅನ್ನೋರಿಗೆ ವಯೇಹೋ (Vallejo) ಕಂಪನಿಯ ಮಾಡೆಲ್ ಏರ್ ಪೇಂಟ್ ಇದೆ, ಡ್ರಾಪರ್ ಬಾಟ್ಲಿ, ಏರ್‌ಬ್ರಶ್‌ಗೇ ಅಂತ ತೆಳ್ಳಗೆ ಮಾಡಿರ್ತಾರೆ. ಆದ್ರೆ ದಯವಿಟ್ಟು ಅದಕ್ಕೆ ತಮಿಯಾ ಥಿನ್ನರ್ ಹಾಕ್ಬೇಡಿ, ಅದ್ರಲ್ಲಿ ಆಲ್ಕೋಹಾಲ್ ಇರುತ್ತೆ, ಪೇಂಟ್ ಗಂಟುಗಂಟಾಗಿ ಏರ್‌ಬ್ರಶ್ ತುದಿಯ ನಾಝಲ್ ಕಟ್ಕೊಳುತ್ತೆ.

ಇವಲ್ದೆ ಲ್ಯಾಕರ್ ಅಂತ ಸಾಲ್ವೆಂಟ್‌ನಲ್ಲಿ ಮಾಡಿರೋ ಇನ್ನೊಂದು ಥರದ ಪೇಂಟ್ ಇದೆ, ಅದು ಬೇಗ ಬೆಂಕಿ ಹತ್ಕೊಳ್ಳೋ ಸರಕು, ವಿಮಾನದಲ್ಲಿ ಕಳ್ಸೋದು ಕಷ್ಟ. ಆನ್‌ಲೈನ್ ಆರ್ಡರ್ ಮಾಡೋ ಮುಂಚೆ ರಸ್ತೆ ಮೂಲಕ ಕಳಿಸ್ತೀರಾ ಅಂತ ಅಂಗಡಿಯವ್ರನ್ನ ಕೇಳ್ಕೊಳ್ಳಿ, ಲ್ಯಾಕರ್ ಥಿನ್ನರ್‌ನೂ ಅದ್ರ ಜೊತೆಗೇ ತರ್ಸ್ಕೊಳ್ಳಿ.