ಕಪ್ಪತಗುಡ್ಡ: ಹಸಿರು ಹುಡುಕಿ ಹೋದೆ, ಕಲ್ಲು ನೋಡಿ ಬಂದೆ

ಗದಗ ಜಿಲ್ಲೆಯ ಕಪ್ಪತಗುಡ್ಡ ಅಂದರೆ 'ಉತ್ತರ ಕರ್ನಾಟಕದ ಸಹ್ಯಾದ್ರಿ' ಅನ್ನೋ ಮಾತು ನಂಬಿ ಮಾರ್ಚ್‌ನಲ್ಲಿ ಗದಗಕ್ಕೆ ಹೋದೆ. ನಾನು ನೋಡಿದ್ದ ಮಂಜಿನ ಫೋಟೊಗಳೆಲ್ಲ ಮಳೆಗಾಲದ್ದು. ಸಿಕ್ಕಿದ್ದು ಒಣಹುಲ್ಲು, ಕೆಂಪು ಮಣ್ಣು, ಸಾಲು ಗಾಳಿಯಂತ್ರ.

ಗುಡ್ಡದ ಹತ್ತಿರದ ಊರು ಡೋಣಿ ಕಡೆಯ ಬಸ್ಸಿಗೆ "ಈಗ ಬರ್ತದ್ರೀ" ಅಂದರು. ಬಂದದ್ದು ಒಂದೂಮುಕ್ಕಾಲು ಗಂಟೆ ಬಿಟ್ಟು. ಜೋಳದ ಚೀಲದ ಮೇಲೆ ಕೂತು ಹೋದೆ. ಇಳಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ನೀವು ಗದಗಿನಿಂದಲೇ ಬೈಕೋ ಕಾರೋ ಮಾಡಿಕೊಂಡು ಬೆಳಗ್ಗೆ ಬೇಗ ಹೊರಡಿ. ನೀರು ಜಾಸ್ತಿ ಇರಲಿ.

ಗುಡ್ಡದ ದಾರಿಯಲ್ಲಿ ಸುಮ್ನೆ ಒಂದು ಕಲ್ಲು ಎತ್ತಿದೆ. ಅಂಗೈಯಷ್ಟೇ ಇದ್ದರೂ ಕೈ ಜಗ್ಗುವಷ್ಟು ಭಾರ. ಉದ್ದಕ್ಕೂ ಕಪ್ಪು, ಕೆಂಪು ಪಟ್ಟೆ, ಇಳಕಲ್ ಸೀರೆಯ ದಡಿ ಹಾಗೆ. ಬ್ಯಾಗಿನ ಅಯಸ್ಕಾಂತದ ಗುಂಡಿ ತಾಗಿಸಿದರೆ ಕಪ್ಪು ಪಟ್ಟೆಗೆ ಮೆಲ್ಲಗೆ ಅಂಟಿತು! ಅದು ಕಬ್ಬಿಣದ ಅದಿರು. 250 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರ ಇತ್ತು. ಅದರ ತಳದಲ್ಲಿ ಕಬ್ಬಿಣ, ಸಿಲಿಕಾ (ಮರಳಿನಲ್ಲಿರೋ ಅಂಶ) ಪದರ ಪದರವಾಗಿ ಕೂತವು. ಆಮೇಲೆ ಭೂಮಿಯ ಒತ್ತಡಕ್ಕೆ ಮಡಚಿಕೊಂಡವು. ಕೆಲವು ಕಡೆ ಪದರಗಳು ಕಪಾಟಿನ ಪುಸ್ತಕದಂತೆ ನೆಟ್ಟಗೆ ನಿಂತಿವೆ. ಸುತ್ತಲಿನ ಮೆದು ಕಲ್ಲು ಸವೆದು ಬಯಲಾಯ್ತು, ಗಟ್ಟಿ ಕಲ್ಲು ಗುಡ್ಡವಾಗಿ ಉಳಿಯಿತು. ಭೂವಿಜ್ಞಾನಿಗಳು ಇದನ್ನು ಗದಗ ಶಿಸ್ಟ್ ಪಟ್ಟಿ ಅನ್ನುತ್ತಾರೆ; ಶಿಸ್ಟ್ ಅಂದರೆ ಒತ್ತಡಕ್ಕೆ ಸಿಕ್ಕಿ ಹಾಳೆ ಹಾಳೆಯಾದ ಕಲ್ಲು. ಚಿತ್ರದುರ್ಗದ ಕಡೆಯಿಂದ ಬರುವ, 'ಧಾರವಾಡ ಶಿಲೆ' ಅನ್ನೋ ಪುರಾತನ ಕಲ್ಲುಗಳದೇ ಉತ್ತರದ ತುದಿ.

ಕಲ್ಲು ಜೇಬಿಗೆ ಹಾಕಬೇಡಿ. ಗಣಿಗಾರಿಕೆ ಬೇಡ ಅಂತ ಜನ ವರ್ಷಗಟ್ಟಲೆ ಹೋರಾಡಿದ ಜಾಗ ಇದು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿ ಧಾಮವಾಯಿತು. ಬೇಸಿಗೆಯಲ್ಲಿ ಒಂದು ಬೀಡಿ ಕಿಡಿ ಸಾಕು, ಹುಲ್ಲೆಲ್ಲ ಹೊತ್ತಿಕೊಳ್ಳುತ್ತದೆ.

ಹತ್ತಿರದ ಡಂಬಳದಲ್ಲಿ ಊಟ. ಹೆಸರಿನ ಬೋರ್ಡೂ ಇಲ್ಲದ ಖಾನಾವಳಿ, ಮೂರೇ ಬೆಂಚು. ಒಲೆಯಿಂದ ನೇರ ತಾಟಿಗೆ ಬೀಳುವ ಬಿಸಿ ರೊಟ್ಟಿ, ಎಣ್ಣೆ ತೇಲುವ ಎಣಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಮೂರು ರೊಟ್ಟಿಗೆ ಕೈ ತೊಳೆಯಲು ಎದ್ದರೆ "ಇಷ್ಟಕ್ಕ ಎದ್ರ ಹೆಂಗ್ರಿ ಅಕ್ಕಾರ?" ಅಂತ ನಾಲ್ಕನೆಯದು ಬಂತು. ಇಷ್ಟು ಕಡಿಮೆ ಬಿಲ್ಲು ನೋಡಿ ಲೆಕ್ಕ ತಪ್ಪಿದೆಯೇನೋ ಅಂತ ಮತ್ತೆ ಕೇಳಿದೆ. ಅಲ್ಲೇ ದೊಡ್ಡಬಸಪ್ಪ ಗುಡಿ ನೋಡಿ. 24 ಮೂಲೆಯ ನಕ್ಷತ್ರದ ಆಕಾರ, ಬಳಪದ ಕಲ್ಲಿನ ಕೆತ್ತನೆ.

ಗದಗಿನ ರೂಮಿನಲ್ಲಿ 'ಬಿಸಿನೀರು' ಅಂತ ಜಾಸ್ತಿ ದುಡ್ಡು ತಗೊಂಡರು. ಬಂದದ್ದು ಬಿಸಿಲಿಗೆ ಕಾದ ಟ್ಯಾಂಕಿನ ನೀರು.

ಹಸಿರು ಬೇಕಿದ್ದರೆ ಆಗಸ್ಟ್‌ಗೆ ಹೋಗಿ. ಆದರೆ ಸೆಲ್ಫಿ ಜನ ಸಹಿಸಬೇಕು, ಹುಲ್ಲು ಬೆಳೆದು ಕಲ್ಲೂ ಮುಚ್ಚಿರುತ್ತದೆ. ನಾನಂತೂ ಮುಂದಿನ ಸಲ ಜನವರಿಗೆ ಹೋಗ್ತೀನಿ, ಅಯಸ್ಕಾಂತ ಹಿಡ್ಕೊಂಡು.