ಸಾಲು ಮುಗಿದ ಮೇಲಿನ ಬಿಡುವು

1925ರ ಜನವರಿಯಲ್ಲಿ ಅಮೆರಿಕದ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಹಾಡಿದ 'ಸೇಂಟ್ ಲೂಯಿಸ್ ಬ್ಲೂಸ್' ಧ್ವನಿಮುದ್ರಣದಲ್ಲಿ ಕೇಳಿಸುವುದು ಮೂವರು ಮಾತ್ರ: ಸ್ಮಿತ್ ಅವರ ದನಿ, ಫ್ರೆಡ್ ಲಾಂಗ್‌ಶಾ ನುಡಿಸುವ ಹಾರ್ಮೋನಿಯಂ ಮತ್ತು ಆಗ 23 ವರ್ಷದವರಾಗಿದ್ದ ಲೂಯಿಸ್ ಆರ್ಮ್‌ಸ್ಟ್ರಾಂಗ್ ಅವರ ಕಾರ್ನೆಟ್ ಎಂಬ ತುತ್ತೂರಿಯಂಥ ವಾದ್ಯ. ಸ್ಮಿತ್ ಒಂದು ಸಾಲನ್ನು ಹಾಡಿ ನಿಲ್ಲಿಸುತ್ತಾರೆ. ಅವರು ಉಸಿರು ತೆಗೆದುಕೊಳ್ಳುವ ಆ ಬಿಡುವಿನಲ್ಲಿ ಕಾರ್ನೆಟ್ ಎರಡು ಮಾತು ಆಡಿ, ಮುಂದಿನ ಸಾಲಿಗೆ ದಾರಿ ಬಿಟ್ಟು ಸುಮ್ಮನಾಗುತ್ತದೆ. ಬ್ಲೂಸ್, ಜಾಝ್, ಫಂಕ್, ಪಾಪ್ ಎಂಬ ಸಂಗೀತದ ಬಗೆಗಳು ಒಟ್ಟಿಗೆ ಬೆರೆತ ಹಾಡುಗಳನ್ನು ನಾನು ಇಷ್ಟು ವರ್ಷ ಏಕೆ ಬಿಡದೆ ಕೇಳುತ್ತಿದ್ದೇನೆ ಎಂಬುದಕ್ಕೆ ಕಾರಣ ಈ ಬಿಡುವಿನಲ್ಲಿದೆ.

ಬ್ಲೂಸ್‌ನ ರೂಢಿಯ ಚೌಕಟ್ಟಿನಲ್ಲಿ ಒಂದು ಆವರ್ತನಕ್ಕೆ 12 ಬಾರ್‌ಗಳು, ಪ್ರತಿ ಬಾರ್‌ಗೆ ನಾಲ್ಕು ಎಣಿಕೆಗಳು. ಮೂರು ಸಾಲುಗಳು ಇವನ್ನು ತಲಾ ನಾಲ್ಕರಂತೆ ಹಂಚಿಕೊಳ್ಳುತ್ತವೆ: ಮೊದಲು ಒಂದು ಸಾಲು, ಅದೇ ಸಾಲು ಇನ್ನೊಮ್ಮೆ, ಆಮೇಲೆ ಅದಕ್ಕೆ ಮುಕ್ತಾಯ ಹೇಳುವ ಮೂರನೆಯ ಸಾಲು. ಕೆಳಗಿನ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಷಡ್ಜದಲ್ಲಿ (ಸ) ನಿಂತಿದ್ದು, ಐದನೆಯ ಬಾರ್‌ಗೆ ಮಧ್ಯಮಕ್ಕೆ (ಮ) ಸರಿದು, ಏಳನೆಯದಕ್ಕೆ ಮರಳಿ, ಒಂಬತ್ತನೆಯದರಲ್ಲಿ ಪಂಚಮಕ್ಕೇರಿ (ಪ), ಮಧ್ಯಮದ ಮೂಲಕ ಮತ್ತೆ ಷಡ್ಜಕ್ಕೆ ಇಳಿಯುತ್ತದೆ. ತಗ್ಗಿನ ಸಾಧಾರಣ ಗಾಂಧಾರವೂ ಅಲ್ಲದ, ಏರಿದ ಅಂತರ ಗಾಂಧಾರವೂ ಅಲ್ಲದ, ಎರಡರ ನಡುವೆ ಜಾರುವ ಆ ಸ್ವರದಿಂದಲೇ ಬ್ಲೂಸ್ ಅನ್ನು ಗುರುತಿಸುವವರು ಬಹಳ ಮಂದಿ. ನನ್ನ ಕಿವಿ ಮಾತ್ರ ಹೆಚ್ಚಾಗಿ ಹುಡುಕುವುದು ಇನ್ನೊಂದನ್ನು. ನಾಲ್ಕು ಬಾರ್‌ಗಳ ಸಾಲಿನಲ್ಲಿ ದನಿ ಬಳಸಿಕೊಳ್ಳುವುದು ಹೆಚ್ಚುಕಡಿಮೆ ಅರ್ಧವನ್ನು ಮಾತ್ರ. ಉಳಿದ ಅರ್ಧ ಉತ್ತರ ಕೊಡುವವರಿಗೆ ಮೀಸಲು. ಆ ಉತ್ತರವನ್ನು ಯಾರು ಕೊಡುತ್ತಾರೆ ಎಂಬುದು ಬದಲಾದಾಗಲೆಲ್ಲ ಬ್ಲೂಸ್ ಹೊಸ ರೂಪ ತಳೆದಿದೆ ಎಂದು ನನಗೆ ಅನ್ನಿಸುತ್ತದೆ.

ಬ್ಲೂಸ್ ಜೊತೆ ಬೇರೆ ಸಂಗೀತವನ್ನು ಸೇರಿಸುವುದನ್ನು ಕಲಬೆರಕೆ ಎಂದು ಕರೆಯುವ ಕೇಳುಗರಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ರಚನಕಾರ ಡಬ್ಲ್ಯೂ. ಸಿ. ಹ್ಯಾಂಡಿ 1914ರಲ್ಲಿ ಇದೇ 'ಸೇಂಟ್ ಲೂಯಿಸ್ ಬ್ಲೂಸ್' ಅನ್ನು ಪ್ರಕಟಿಸಿದಾಗ 12 ಬಾರ್‌ಗಳ ಭಾಗದ ಜೊತೆಗೆ ಟ್ಯಾಂಗೋ ನೃತ್ಯದ ಲಯದ 16 ಬಾರ್‌ಗಳ ಇನ್ನೊಂದು ಭಾಗವನ್ನು ಬೇಕೆಂದೇ ಇಟ್ಟಿದ್ದರು. ಅಚ್ಚಾದ ಬ್ಲೂಸ್‌ನ ತೀರಾ ಮೊದಲ ವರ್ಷಗಳಲ್ಲೇ ಬೆರಕೆ ಇತ್ತು.

ಫಂಕ್ ಹುಟ್ಟಿದ ಬಗೆಯೂ ಹೀಗೆಯೇ. ಜೇಮ್ಸ್ ಬ್ರೌನ್ ಅವರ 1965ರ 'ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್' ಹಾಡನ್ನು ಬೆರಳೆಣಿಸುತ್ತಾ ಕೇಳಿದರೆ 12 ಬಾರ್‌ಗಳು ಲೆಕ್ಕಕ್ಕೆ ಸಿಗುತ್ತವೆ. ಒತ್ತು ಮಾತ್ರ ಜಾಗ ಬದಲಿಸಿದೆ. ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಿಗೆ ಬೀಳುತ್ತಿದ್ದ ಭಾರವನ್ನು ಬ್ರೌನ್ ಬಾರ್‌ನ ಮೊದಲ ಎಣಿಕೆಗೆ ತಂದು ಕೂರಿಸಿದರು. ಆವರ್ತನದ ಕೊನೆಯಲ್ಲಿ ಉತ್ತರ ಕೊಡುವುದು ಜಿಮ್ಮಿ ನೋಲನ್ ಅವರ ಗಿಟಾರ್. ಅದು ರಾಗ ನುಡಿಸುವುದಿಲ್ಲ, ಒಂದೇ ಕಾರ್ಡ್ ಅನ್ನು ಕೆರೆದಂತೆ ವೇಗವಾಗಿ ಬಡಿಯುತ್ತದೆ. ಎರಡು ವರ್ಷಗಳ ನಂತರದ 'ಕೋಲ್ಡ್ ಸ್ವೆಟ್' ಹಾಡಿನಲ್ಲಿ 12 ಬಾರ್‌ಗಳ ಚೌಕಟ್ಟೇ ಉದುರಿಹೋಗಿದ್ದರೂ ಪ್ರಶ್ನೋತ್ತರ ಉಳಿದಿದೆ. ಅಲ್ಲಿನ ಊದುವ ವಾದ್ಯಗಳ ಭಾಗವನ್ನು ರಚಿಸಿದ ಪೀ ವೀ ಎಲ್ಲಿಸ್, ಜಾಝ್ ವಾದಕ ಮೈಲ್ಸ್ ಡೇವಿಸ್ ಅವರ 1959ರ 'ಸೋ ವಾಟ್' ತಮ್ಮ ಮೇಲೆ ಬೀರಿದ ಪ್ರಭಾವವನ್ನು ಹೇಳಿಕೊಂಡಿದ್ದಾರೆ. 'ಸೋ ವಾಟ್'ನಲ್ಲಿ ತಗ್ಗು ಸ್ವರಗಳ ತಂತಿವಾದ್ಯವಾದ ಬಾಸ್ ಒಂದು ಮಾತು ಹೇಳುತ್ತದೆ. ಮೊದಲು ಪಿಯಾನೋ, ಆಮೇಲೆ ಊದುವ ವಾದ್ಯಗಳು ಎರಡೇ ಪೆಟ್ಟುಗಳಲ್ಲಿ ಅದಕ್ಕೆ ಓಗೊಡುತ್ತವೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದ ದಿನ, ಜಾಝ್‌ನ ಅಷ್ಟು ತಣ್ಣನೆಯ ಉತ್ತರ ಫಂಕ್‌ನಲ್ಲಿ ಬೆವರು ಸುರಿಸುವುದನ್ನು ಕಂಡು ನನಗಾದ ಸಂತೋಷ ಇನ್ನೂ ನೆನಪಿದೆ.

ಸ್ಟೀವಿ ವಂಡರ್ ಅವರ 1972ರ 'ಸೂಪರ್‌ಸ್ಟಿಷನ್' ಬಗ್ಗೆ ಒಂದೇ ಮಾತು ಸಾಕು: ಅಲ್ಲಿ ಡ್ರಮ್ಸ್, ಕ್ಲಾವಿನೆಟ್ ಎಂಬ ವಿದ್ಯುತ್ ಕೀಬೋರ್ಡ್, ಬಾಸ್‌ನ ಕೆಲಸ ಮಾಡುವ ಸಿಂಥಸೈಜರ್ ಮೂರನ್ನೂ ಅವರೇ ನುಡಿಸಿರುವುದರಿಂದ, ಕೇಳುವವರೂ ಉತ್ತರಿಸುವವರೂ ಬಹುಪಾಲು ಒಬ್ಬರೇ.

ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ 'ವಾಟರ್‌ಮೆಲನ್ ಮ್ಯಾನ್' ಎರಡು ಸಲ ಹುಟ್ಟಿದ ರಚನೆ. 1962ರಲ್ಲಿ ಅದು 16 ಬಾರ್‌ಗಳಿಗೆ ಹಿಗ್ಗಿಸಿದ ಬ್ಲೂಸ್ ಆಗಿತ್ತು. ಬಾಲ್ಯದಲ್ಲಿ ಶಿಕಾಗೋದ ಕಲ್ಲುಹಾಸಿನ ಓಣಿಗಳಲ್ಲಿ ಕೇಳಿದ ಕಲ್ಲಂಗಡಿ ಮಾರುವವನ ಗಾಡಿಯ ಸದ್ದು ಅದರ ಮೂಲ. 1973ರಲ್ಲಿ ಅದನ್ನೇ ನಿಧಾನಗೊಳಿಸಿ ಫಂಕ್‌ಗೆ ಒಗ್ಗಿಸಿದಾಗ, ತಾಳವಾದ್ಯಗಾರ ಬಿಲ್ ಸಮ್ಮರ್ಸ್ ಆರಂಭದಲ್ಲಿ ಬಿಯರ್ ಬಾಟಲಿಗೆ ಬಾಯಿಟ್ಟು ಊದಿದರು. ಒಂದು ಸ್ವರ ಊದಿ, ಮರುಕ್ಷಣ ಗಂಟಲಿನಿಂದ ಇನ್ನೊಂದು ಸ್ವರ ತೆಗೆಯುವ ಈ ಬಗೆ ಮಧ್ಯ ಆಫ್ರಿಕಾದ ಬಾಬೆಂಜೆಲೆ ಜನರ ಹಾಡಿಕೆಯಿಂದ ಬಂದದ್ದು. ಕೂಗೂ ಓಗೊಡುವಿಕೆಯೂ ಒಂದೇ ಬಾಯಿಯಿಂದ ಹೊರಡುತ್ತವೆ. ನಾನು ಎರಡನೆಯ ಆವೃತ್ತಿಯನ್ನೇ ಹೆಚ್ಚು ಪ್ರೀತಿಸುತ್ತೇನೆ, ಏಕೆಂದರೆ ನಿಧಾನವಾದಷ್ಟೂ ಬಿಡುವುಗಳು ಅಗಲವಾಗುತ್ತವೆ.

ಇವೆಲ್ಲಕ್ಕಿಂತ ತಡವಾಗಿ ನನಗೆ ಅರ್ಥವಾದ ಹಾಡೆಂದರೆ ಸ್ಟೀಲಿ ಡ್ಯಾನ್ ತಂಡದ 'ಪೆಗ್', 1977ರ 'ಏಜಾ' ಆಲ್ಬಂನದು. ಅದನ್ನು ವರ್ಷಗಟ್ಟಲೆ ನಾನು ಬಿಸಿಲಿನಂತೆ ಹೊಳೆಯುವ ಪಾಪ್ ಹಾಡೆಂದೇ ಕೇಳಿದ್ದೆ. ಒಮ್ಮೆ ಸುಮ್ಮನೆ ಬೆರಳು ಮಡಿಚಿ ಎಣಿಸುತ್ತಾ ಹೋದಾಗ, ಚರಣದಲ್ಲಿ ಐದನೆಯ ಬಾರ್‌ಗೆ ಸರಿಯಾಗಿ ನೆಲ ಮಧ್ಯಮಕ್ಕೆ ಸರಿಯಿತು, ಒಂಬತ್ತನೆಯದಕ್ಕೆ ಪಂಚಮಕ್ಕೇರಿತು. ಅದು ಬ್ಲೂಸ್! ತಂಡದ ಡೊನಾಲ್ಡ್ ಫೇಗನ್ ಮತ್ತು ವಾಲ್ಟರ್ ಬೆಕರ್ ಮಾಡಿದ್ದು ಇಷ್ಟು: ಷಡ್ಜದ ಕಾರ್ಡ್ ಇರಬೇಕಾದ ಕಡೆ ಅದನ್ನು ನೇರವಾಗಿ ಇಡದೆ, ಅದರ ಮಧ್ಯಮದಿಂದ ಮೆತ್ತಗೆ ಅದರ ಮೇಲೆ ಇಳಿಯುವ ಎರಡು ಕಾರ್ಡ್‌ಗಳ ಜೋಡಿಯನ್ನು ಇಟ್ಟರು, ಚೌಕಟ್ಟು ಮೇಲೆ ಸರಿದಾಗ ಅದೇ ಜೋಡಿಯನ್ನೂ ಮೇಲೆ ಸರಿಸಿದರು. ಬ್ಲೂಸ್‌ನ ಒರಟು ಕಾರ್ಡ್‌ಗಳ ಜಾಗದಲ್ಲಿ ಜಾಝ್‌ನ ನಯವಾದ ಕಾರ್ಡ್‌ಗಳು ಬಂದವು, ಆದರೆ ಮೆಟ್ಟಿಲುಗಳು ಇದ್ದಲ್ಲೇ ಇವೆ. ಚಕ್ ರೈನಿ ಅವರ ಬಾಸ್ ಫಂಕ್‌ನ ಪುಟಿತವನ್ನು ತರುತ್ತದೆ. ಪಲ್ಲವಿಯಲ್ಲಿ ಮೈಕಲ್ ಮೆಕ್‌ಡೊನಾಲ್ಡ್ ತಮ್ಮ ದನಿಯನ್ನೇ ಪದರ ಪದರವಾಗಿ ಪೇರಿಸಿ, 1925ರಲ್ಲಿ ಕಾರ್ನೆಟ್ ಮಾಡಿದ ಕೆಲಸವನ್ನು ಮಾಡುತ್ತಾರೆ. ಗಿಟಾರ್‌ನ ಏಕವಾದನಕ್ಕೆ ಹಲವರು ನುಡಿಸಿ ನೋಡಿದರೂ ಕೊನೆಗೆ ಉಳಿದದ್ದು ಜೇ ಗ್ರೇಡನ್ ಅವರದು. ಅವರು ತಂತಿಯನ್ನು ಎಳೆದು ಸ್ವರವನ್ನು ಬಾಗಿಸುವಾಗ, ಅಷ್ಟು ಹೊತ್ತು ನಯದ ಕೆಳಗೆ ಅಡಗಿದ್ದ ಬ್ಲೂಸ್ ಮೇಲೆದ್ದು ಮುಖ ತೋರಿಸುತ್ತದೆ.

ಬೆರಕೆಯ ಎಲ್ಲ ಹಾಡುಗಳೂ ನನಗೆ ಹಿಡಿಸುವುದಿಲ್ಲ. ಸಿದ್ಧವಾದ ಪಾಪ್ ಹಾಡಿನ ಮೇಲೆ ಎರಡು ಬಾಗಿದ ಗಿಟಾರ್ ಸ್ವರಗಳನ್ನು ಒಗ್ಗರಣೆಯಂತೆ ಹಾಕಿದರೆ ಬ್ಲೂಸ್ ಬೆರೆಯುವುದಿಲ್ಲ. ದನಿಯೂ ವಾದ್ಯಗಳೂ ಮೊದಲಿನಿಂದ ಕೊನೆಯವರೆಗೆ ಒಂದರ ಮೇಲೊಂದು ಮಾತಾಡುತ್ತಿದ್ದರೆ ಅಲ್ಲಿ ಉತ್ತರಕ್ಕೆ ಎಡೆಯೇ ಇರುವುದಿಲ್ಲ.

ಆ ಎಡೆಯನ್ನು ಬಿ. ಬಿ. ಕಿಂಗ್ ಅವರಷ್ಟು ಗೌರವದಿಂದ ಕಾಪಾಡಿದವರು ಕಡಿಮೆ. ಹಾಡುವಾಗ ಅವರು ಗಿಟಾರ್ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. 1951ರಲ್ಲಿ ರಾಯ್ ಹಾಕಿನ್ಸ್ ಹಾಡಿದ್ದ 'ದ ಥ್ರಿಲ್ ಈಸ್ ಗಾನ್' ಅನ್ನು ಕಿಂಗ್ 1969ರಲ್ಲಿ ಹೊಸದಾಗಿ ಮುದ್ರಿಸಿದಾಗ, ನಿರ್ಮಾಪಕ ಬಿಲ್ ಶಿಮ್‌ಜಿಕ್ ಪಿಟೀಲು ವೃಂದವನ್ನು ಸೇರಿಸಿದರು. ಆ ಹಾಡು ಅಮೆರಿಕದ ಪಾಪ್ ಪಟ್ಟಿಯಲ್ಲಿ 15ನೆಯ ಸ್ಥಾನದವರೆಗೆ ಏರಿತು. ಚೌಕಟ್ಟು 12 ಬಾರ್‌ಗಳದ್ದೇ. ಆದರೆ ಪಂಚಮಕ್ಕಾಗಿ ಕಾಯುವ ಒಂಬತ್ತನೆಯ ಬಾರ್‌ನಲ್ಲಿ ಧೈವತದ ಮೇಲೆ ಕಟ್ಟಿದ, ಜಾಝ್‌ನ ಬಣ್ಣವಿರುವ ಒಂದು ಕಾರ್ಡ್ ಬಂದು ಪಂಚಮವನ್ನು ಒಂದು ಬಾರ್‌ನಷ್ಟು ಮುಂದೂಡುತ್ತದೆ. ಜೆರಿ ಜೆಮಟ್ ಅವರ ಬಾಸ್ ಅವಸರವಿಲ್ಲದೆ ನಡೆಯುತ್ತಿರುತ್ತದೆ. ಪ್ರತಿ ಸಾಲಿನ ಕೊನೆಗೆ ಗಿಟಾರ್ ಮೂರೋ ನಾಲ್ಕೋ ಸ್ವರ ನುಡಿದು ನಿಲ್ಲುತ್ತದೆ, ಅದರ ಹಿಂದಿನಿಂದ ಪಿಟೀಲುಗಳು ಮೆಲ್ಲಗೆ ಏಳುತ್ತವೆ. ಕೊನೆಯಲ್ಲಿ ಕಿಂಗ್ ಹಾಡುವುದನ್ನು ನಿಲ್ಲಿಸುತ್ತಾರೆ, ಪ್ರಶ್ನೆ ಕೇಳುವವರು ಇನ್ನಿಲ್ಲ; ಗಿಟಾರ್ ಮತ್ತು ಪಿಟೀಲುಗಳು ಮಾತ್ರ ಒಂದಕ್ಕೊಂದು ಉತ್ತರಿಸುತ್ತಾ, ಸದ್ದು ಪೂರ್ತಿ ಕರಗುವವರೆಗೂ ಮುಂದುವರಿಯುತ್ತವೆ.