ದಿಬ್ಬದ ಮೇಲೆ ಕಾಯೋರು

ಭಾನುವಾರ, 17 ನವೆಂಬರ್ 2024, ರಾತ್ರಿ

ಇವತ್ತು ನಮ್ಮ ಸೈಕಲ್ ಟೀಮಿನ ರೈಡಲ್ಲಿ ಹುಣಸೂರು ದಾಟಿದ ಮೇಲೆ ಒಂದು ದಿಬ್ಬದ ತುದೀಲಿ ಮೇಷ್ಟ್ರು ಒಂದು ಮಾತಂದ್ರು. ಮನೆಗೆ ಬಂದು ಸ್ನಾನ ಮಾಡಿ ಉಂಡು ಮಲಗಿ ಎದ್ರೂ ಅದೇ ತಲೇಲಿ ಕೊರೀತಾ ಇದೆ, ಅದಕ್ಕೇ ಬರೀತಾ ಇದೀನಿ, ಇಲ್ಲಾಂದ್ರೆ ಇವತ್ತು ಲ್ಯಾಪ್‌ಟಾಪ್ ತೆಗೆಯೋ ಶಕ್ತಿನೂ ಇಲ್ಲ ಮೂಡೂ ಇಲ್ಲ.

ಫ್ಲೆಶ್ ಅನ್ನೋ ಸೈಕಲ್ ರೈಡ್‌ಗೆ ಹೆಸರು ಕೊಟ್ಟಿದೀವಿ ಅಂತ ಹೋದ ಸಲ ಬರೆದಿದ್ನಲ್ಲ. ಆಮೇಲೆ ಕೆಲವರು ಕೇಳಿದ್ರು ಅದೇನು ಅಂತ, ಹಾಗಾಗಿ ಚೂರು ಹೇಳ್ಬಿಡ್ತೀನಿ. ಬಿಆರ್‌ಎಂ (ಇಷ್ಟು ಟೈಮ್ ಒಳಗೆ ಮುಗಿಸ್ಬೇಕು ಅನ್ನೋ ಲಾಂಗ್ ರೈಡು) ಥರ ಅವರವರ ಪಾಡಿಗೆ ಅವರವರು ಓಡ್ಸೋದಲ್ಲ ಇದು, ಟೀಮು. 3ರಿಂದ 5 ಸೈಕಲ್, 24 ಗಂಟೆ, ಕಮ್ಮಿ ಅಂದ್ರೂ 360 ಕಿಲೋಮೀಟರ್. ಒಂದೇ ಜಾಗದಲ್ಲಿ 2 ಗಂಟೆಗಿಂತ ಜಾಸ್ತಿ ನಿಲ್ಲಂಗಿಲ್ಲ, ಕೊನೇ 2 ಗಂಟೇಲಿ 25 ಕಿಲೋಮೀಟರ್ ಆದ್ರೂ ತುಳೀಲೇಬೇಕು (ಇಲ್ಲಾಂದ್ರೆ ಬೇಗ ಬೇಗ ಮುಗ್ಸಿ ಎಲ್ಲೋ ಲಾಡ್ಜಲ್ಲಿ ಗೊರಕೆ ಹೊಡೀತಾರೆ ಅಂತ ಇರ್ಬೇಕು). ರೂಟು ನಾವೇ ಮಾಡಿ ಮೊದ್ಲೇ ಕೊಡ್ಬೇಕು. ಮತ್ತೆ ಇನ್ನೊಂದು ರೂಲು, ಇವತ್ತಿನ ಗಲಾಟೆ ಪೂರ್ತಿ ಇದ್ರದ್ದೇ: ಕಡೇಗೆ 3 ಸೈಕಲ್ ಆದ್ರೂ ಒಟ್ಟಿಗೆ ಬಂದು ಸೇರ್ಬೇಕು.

ನಾವು ಐದು ಜನ: ಕ್ಯಾಪ್ಟನ್, ಪುಟ್ಟ, ಡಾಕ್ಟರಮ್ಮ, ಮೇಷ್ಟ್ರು, ನಾನು. ಲೆಕ್ಕ ಹಾಕ್ಕೊಳ್ಳಿ.

ರೂಟ್ ಬಗ್ಗೆ ಎರಡು ವಾರ ಗ್ರೂಪಲ್ಲಿ ಜಗಳ ಆಡಿದ್ವಿ. ಕ್ಯಾಪ್ಟನ್‌ಗೆ ಮೊದ್ಲು ಗುಂಡ್ಲುಪೇಟೆ, ಬಂಡೀಪುರ, ಗೂಡ್ಲೂರು ಅಂತ ಒಂದು ಹುಚ್ಚಿತ್ತು, ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟೇ ಹಾಕ್ತಾರೆ ಸ್ವಾಮಿ, 24 ಗಂಟೆ ಓಡ್ಸೋ ರೈಡಲ್ಲಿ 9 ಗಂಟೆ ಆನೆ ಜೊತೆ ಕೂತಿರ್ತೀರಾ ಅಂದೆ, ಬಿಟ್ರು. ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮಾತೇ ಇಲ್ಲ, 2023ರ ಆಗಸ್ಟ್‌ನಿಂದ ಅಲ್ಲಿ ಬೈಕನ್ನೇ ಬಿಡಲ್ಲ, ಸೈಕಲ್ ಎಲ್ಲಿಂದ ಬಿಡ್ತಾರೆ. ಕೊನೆಗೆ ಫಿಕ್ಸ್ ಆಗಿದ್ದು: ಮೈಸೂರು, ಬಿಳಿಕೆರೆ ಹತ್ರ ಬಲಕ್ಕೆ ತಿರುಗಿ ಕೆ.ಆರ್. ನಗರ, ಹೊಳೆನರಸೀಪುರ, ಹಾಸನ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಅರಸೀಕೆರೆ, ತಿಪಟೂರು, ಗುಬ್ಬಿ, ತುಮಕೂರು, ಬೆಂಗಳೂರು. ಸುಮಾರು 380 ಬರತ್ತೆ. ಪೇಪರ್ ಮೇಲೆ ನೋಡಿದ್ರೆ ದೊಡ್ಡ ಘಾಟ್ ಒಂದೂ ಇಲ್ಲ, ಪುಟ್ಟ ಅದನ್ನ ನೋಡ್ಬಿಟ್ಟು “ಅಯ್ಯೋ ಇದು ಫ್ಲ್ಯಾಟು ಆಂಟಿ” ಅಂದ. ಆಂಟಿ ಅನ್ಬೇಡ ಅಂತ ಎಷ್ಟು ಸಲ ಹೇಳೋದು. ಫ್ಲ್ಯಾಟಂತೆ! ಕೆ.ಆರ್. ನಗರದ ಗದ್ದೆ ಬಯಲು ಮುಗಿಯೋವರೆಗೆ ಮಾತ್ರ ಫ್ಲ್ಯಾಟು. ಹೊಳೆನರಸೀಪುರ ದಾಟಿದ್ರೆ ಬೇಲೂರಿನವರೆಗೂ ಏರು ಇಳಿಜಾರು ಏರು ಇಳಿಜಾರು, ಒಂದೂ ದೊಡ್ಡದಲ್ಲ, ಒಂದೂ ಬಿಡಲ್ಲ.

ಚಾಮುಂಡಿ ಬೆಟ್ಟ ಹತ್ತಿ ಹತ್ತಿ ನಾವು ಮೈಸೂರಿನೋರು ಸ್ವಲ್ಪ ಕೆಟ್ಟಿದೀವಿ ಅನ್ಸತ್ತೆ. ಬೆಟ್ಟ ಅಂದ್ರೆ ಒಂದು ಏರು, ಆಮೇಲೆ ಮೇಲೆ ಒಂದು ಕಬ್ಬಿನ್ ಹಾಲು, ಆಮೇಲೆ ಸುಮ್ನೆ ಇಳಿಯೋದು. ಎಷ್ಟು ಹೊತ್ತು ಕಷ್ಟ ಅಂತ ಮೊದ್ಲೇ ಗೊತ್ತಿರತ್ತೆ. ರೋಲರ್ಸ್, ಅಂದ್ರೆ ಹೀಗೆ ಒಂದರ ಹಿಂದೆ ಒಂದು ಬರೋ ಸಣ್ಣ ದಿಬ್ಬಗಳು, ಹಾಗಲ್ಲ. ಪ್ರತಿ ದಿಬ್ಬಾನೂ “ಇದೇನ್ ಮಹಾ, ನಿಂತ್ಕೊಂಡು ತುಳಿದ್ರೆ ಆಯ್ತು” ಅನ್ನಿಸತ್ತೆ, ನಿಂತ್ಕೊಂಡು ತುಳೀತೀವಿ, ಇಳಿಜಾರಲ್ಲಿ ಉಸಿರು ವಾಪಸ್ ಬರೋ ಮುಂಚೆ ಇನ್ನೊಂದು ಎದುರಿಗೆ ನಿಂತಿರತ್ತೆ. ನೂರು ಕಿಲೋಮೀಟರ್ ಆದ್ಮೇಲೆ ತೊಡೆ ಖಾಲಿ, ಯಾವ ದಿಬ್ಬದಲ್ಲಿ ಖಾಲಿ ಆಯ್ತು ಅಂತ ಕೇಳಿದ್ರೆ ಹೇಳಕ್ಕೇ ಆಗಲ್ಲ.

ಅದಕ್ಕೇ ಇವತ್ತು ಪಿರಿಯಾಪಟ್ಟಣದವರೆಗೆ ಹೋಗಿ ವಾಪಸ್ ಅಂತ ಇಟ್ಕೊಂಡಿದ್ದು, ಹುಣಸೂರಿಂದ ಆಚೆ ಆ ರಸ್ತೇನೂ ಅದೇ ಜಾತಿ.

ಹೋಗ್ತಾ ಏನಾಯ್ತು ಅಂದ್ರೆ, ಪ್ರತಿ ದಿಬ್ಬದಲ್ಲೂ ಕ್ಯಾಪ್ಟನ್ನು ಪುಟ್ಟ ಇಬ್ರೂ ಮುಂದೆ. ಡಾಕ್ಟರಮ್ಮ ಅವ್ರ ಹಿಂದೆ ಒಂದು ಲೈಟ್ ಕಂಬದಷ್ಟು ದೂರದಲ್ಲಿ. ನಾನು ನಡುವೆ. ಮೇಷ್ಟ್ರು ಹಿಂದೆ. ಮುಂದಿನೋರು ಮೇಲೆ ನಿಂತು ಒಂದು ಕಾಲು ಕೆಳಗಿಟ್ಕೊಂಡು ನೀರು ಕುಡೀತಾ ಫೋಟೋ ತೆಗೀತಾ ಕಾಯ್ತಾ ಇರ್ತಾರೆ, ಮೇಷ್ಟ್ರು ಬಂದು ಸೇರಿದ ತಕ್ಷಣ “ಓಕೆ, ಎಲ್ರೂ ಬಂದ್ವಾ, ಹೊರಡೋಣ” ಅಂತ ಶೂನ ಪೆಡಲ್‌ಗೆ ಕ್ಲಿಪ್ ಹಾಕ್ಕೊಂಡು ಹೊರಟೇ ಬಿಡ್ತಾರೆ. ಹೀಗೇ ನಡೀತಾ ಇತ್ತು. ಹೊಗೆಸೊಪ್ಪು ಒಣಗಿಸೋ ಬ್ಯಾರನ್ ಸಾಲಾಗಿ ಇರೋ ಆ ದಿಬ್ಬ ಇದ್ಯಲ್ಲ, ಅದ್ರ ಮೇಲೆ ಮೇಷ್ಟ್ರು ಬಂದ್ರು, ಕ್ಯಾಪ್ಟನ್ ಎಂದಿನ ಹಾಗೆ ಹೊರಡೋಣ ಅಂದ್ರು, ಮೇಷ್ಟ್ರು ಸೈಕಲ್ಲಿಂದ ಇಳಿದು ಸ್ಟ್ಯಾಂಡ್ ಇಲ್ದಿರೋ ಸೈಕಲ್ನ ಮೈಲಿಗಲ್ಲಿಗೆ ಒರಗಿಸಿ ಕೂತ್ಬಿಟ್ರು.

“ಕಾಯ್ತೀರಲ್ಲಪ್ಪ, ದೊಡ್ಡ ಮನಸ್ಸು ನಿಮ್ಮದು,” ಅಂದ್ರು. ನಗ್ತಾನೇ ಅಂದಿದ್ದು. “ಆದ್ರೆ ಒಂದು ಲೆಕ್ಕ ಹೇಳ್ತೀನಿ ಕೇಳು. ಬೆಳಗ್ಗೆಯಿಂದ ನೀನು ಒಂದೊಂದು ದಿಬ್ಬದ ಮೇಲೂ ಎರಡೆರಡು ನಿಮಿಷ ರೆಸ್ಟ್ ತಗೊಂಡಿದೀಯ. ನಿನಗಿಂತ ನಲವತ್ತು ವರ್ಷ ದೊಡ್ಡೋನು ನಾನು, ನನಗೆ ಒಂದು ನಿಮಿಷಾನೂ ಸಿಕ್ಕಿಲ್ಲ.”

ಇದನ್ನ ಪುಟ್ಟನಿಗೆ ಅಂದಿದ್ದು, ಕೇಳಿಸ್ಕೋಬೇಕಾಗಿದ್ದು ಕ್ಯಾಪ್ಟನ್ನು. ಮೂವತ್ತು ವರ್ಷ ಹೈಸ್ಕೂಲ್ ಹುಡುಗ್ರಿಗೆ ಡ್ರಿಲ್ ಮಾಡ್ಸಿದ ಮನುಷ್ಯ, ಯಾರಿಗೆ ಹೇಳಿ ಯಾರಿಗೆ ಮುಟ್ಟಿಸ್ಬೇಕು ಅಂತ ಚೆನ್ನಾಗಿ ಗೊತ್ತು.

ಕ್ಯಾಪ್ಟನ್ ಸ್ವಲ್ಪ ಮುಖ ಸಪ್ಪೆ ಮಾಡ್ಕೊಂಡು, “ನಿಧಾನಕ್ಕೇ ಹೋಗ್ತಾ ಇದೀವಲ್ಲ ಮೇಷ್ಟ್ರೆ, ಏರಲ್ಲಿ ಪವರ್ ಮೀಟರಲ್ಲಿ ತುಳಿಯೋ ವಾಟ್ಸ್ ನೋಡ್ಕೊಂಡೇ ಓಡಿಸ್ತಾ ಇದೀನಿ” ಅಂದ್ರು.

“ಏರಲ್ಲಿ ನೀನು ಸರಿಯಾಗೇ ಹೋಗ್ತೀಯ ಮಾರಾಯ. ತುದಿ ಮುಟ್ಟಿದ ಮೇಲೆ ಏನ್ ಮಾಡ್ತೀಯ ನೋಡ್ಕೊ. ಟಕ ಟಕ ಅಂತ ಗೇರ್ ಹಾಕಿ ಎಳ್ದುಬಿಡ್ತೀಯ. ಏರು ಮುಗಿದಿದ್ದು ನಿನಗೆ. ನನಗಿನ್ನೂ ಐವತ್ತಡಿ ಬಾಕಿ ಇರತ್ತೆ. ಅಲ್ಲೇ ದಾರ ಹರಿಯೋದು.”

ಎಷ್ಟು ಸರಿ ಅಂದ್ರೆ, ನಾನು ವಾಪಸ್ ಬರ್ತಾ ಪೂರ್ತಿ ಅದನ್ನೇ ನೋಡ್ಕೊಂಡು ಬಂದೆ. ಏರಲ್ಲಿ ಗ್ಯಾಪ್ ಆಗೋದೇ ಇಲ್ಲ ಅಷ್ಟಾಗಿ! ಏರಲ್ಲಿ ಎಲ್ರೂ ಹತ್ತು ಹನ್ನೆರಡರ ಸ್ಪೀಡಲ್ಲಿ ಇರ್ತೀವಿ, ಹಿಂದೆ ಬಿದ್ರೂ ಹತ್ತು ಹದಿನೈದು ಮೀಟರ್. ಮುಂದಿರೋರು ತುದಿ ದಾಟಿ ಇಳಿಜಾರು ಹಿಡಿದ ತಕ್ಷಣ ಅವ್ರು ಮೂವತ್ತಕ್ಕೆ ಹೋಗ್ತಾರೆ, ಹಿಂದಿರೋರು ಇನ್ನೂ ಹನ್ನೆರಡರಲ್ಲೇ ಏರ್ತಾ ಇರ್ತಾರೆ, ನೋಡ್ತಾ ನೋಡ್ತಾ ಗ್ಯಾಪ್ ಎರಡು ಮೂರು ಪಟ್ಟು ಆಗ್ಬಿಡತ್ತೆ. ಆಮೇಲೆ ಆ ಗ್ಯಾಪ್‌ನ ಹಿಂದಿನೋರು ಗಾಳೀಲಿ ಒಬ್ರೇ ತುಳಿದು ಮುಚ್ಚಬೇಕು, ಅಂದ್ರೆ ಸುಸ್ತಾಗಿರೋ ಮನುಷ್ಯಂಗೇ ಜಾಸ್ತಿ ಕೆಲಸ, ಅದೂ ಪ್ರತಿ ದಿಬ್ಬಕ್ಕೆ. ತುದೀಲಿ ಮುಂದಿನೋರು ಒಂದು ಇಪ್ಪತ್ತು ಸೆಕೆಂಡ್ ಕಾಲು ತಡೆದು ಹಿಡಿದ್ರೆ ಸಾಕು. ಮೇಲೆ ನಿಂತು ಕಾಯೋದೇ ಬೇಡ. ಆದ್ರೆ ಇಪ್ಪತ್ತು ಸೆಕೆಂಡ್ ತಡಿಯೋದು ನೋಡಿ, ಏರು ಹತ್ತೋದಕ್ಕಿಂತ ಕಷ್ಟ ಅದು, ಮುಂದೆ ಇಳಿಜಾರು ಕರೀತಾ ಇರತ್ತಲ್ಲ.

ಇಷ್ಟಕ್ಕೇ ನಿಂತಿದ್ರೆ ಚೆನ್ನಾಗಿರ್ತಿತ್ತು. ಪಿರಿಯಾಪಟ್ಟಣದಲ್ಲಿ ಇಡ್ಲಿ ತಿನ್ನುವಾಗ ಪುಟ್ಟ, ಪಾಪ ಅವನಿಗೆ ಕೆಟ್ಟ ಬುದ್ಧಿ ಏನಿಲ್ಲ, ಗೂಗಲ್ ಮಾಡ್ಕೊಂಡು ಕೂತಿದ್ದ, “ಮೂರು ಸೈಕಲ್ ಬಂದ್ರೆ ಸಾಕಂತೆ, ಸೋ ವರ್ಸ್ಟ್ ಕೇಸ್ ಇಬ್ರು ಡ್ರಾಪ್ ಆದ್ರೂ ಟೀಮ್ ಕ್ವಾಲಿಫೈ ಆಗತ್ತೆ” ಅಂದ. ಯಾರೂ ಮಾತಾಡ್ಲಿಲ್ಲ. ಡಾಕ್ಟರಮ್ಮ ಚಟ್ನಿ ಕೇಳಿದ್ರು. ಮೇಷ್ಟ್ರು “ಸರಿ, ಒಂದು ಸೀಟು ನಂದು ಅಂತ ಬರ್ಕೊ” ಅಂದು ನಕ್ರು. ಎಲ್ರೂ ನಕ್ಕಿದ್ದಾಯ್ತು. ನನಗೆ ನಗು ಬರ್ಲಿಲ್ಲ. ಎರಡನೇ ಸೀಟು ಯಾರದ್ದು ಅಂತ ಆ ಟೇಬಲ್ಲಲ್ಲಿ ಎಲ್ರಿಗೂ ಗೊತ್ತಿತ್ತಲ್ಲ. ಕೋಪ ಬಂತು, ಪುಟ್ಟನ ಮೇಲಲ್ಲ, ಯಾರ ಮೇಲೆ ಅಂತ ಸರಿಯಾಗಿ ಗೊತ್ತಿಲ್ಲ. ಎರಡು ಇಡ್ಲಿ ಹೆಚ್ಚಿಗೆ ತಿಂದೆ.

ಅಂದ ಹಾಗೆ ಮೇಷ್ಟ್ರು ಹೊಸ ಕ್ಯಾಸೆಟ್ (ಹಿಂದಿನ ಚಕ್ರದ ಗೇರ್ ಹಲ್ಲಿನ ಸೆಟ್ಟು) ಹಾಕ್ಸಿದಾರೆ, 11ರಿಂದ 34 ಹಲ್ಲಿಂದು, ಹಿಂದೆ ತಟ್ಟೆಯಷ್ಟು ದೊಡ್ಡದು ಕಾಣತ್ತೆ. ಪುಟ್ಟ ಅದನ್ನ ಅಜ್ಜನ ಗೇರು ಅಂತಾನೆ. ಇವನಿಗೆ ಹೇಳ್ಬೇಕು, ಫ್ಲೆಶ್ ಯಾರ ನೆನಪಲ್ಲಿ ಶುರುವಾಯ್ತೋ ಆ ವೆಲೋಸಿಯೋ, ಅಂದ್ರೆ ಪಾಲ್ ದ ವಿವಿ ಅನ್ನೋ ಫ್ರೆಂಚ್ ಅಜ್ಜ, 1930ರಲ್ಲಿ ತೀರ್ಕೊಂಡಿದ್ದು, ಜೀವನ ಪೂರ್ತಿ ಸೈಕಲ್ಲಿಗೆ ಗೇರ್ ಬೇಕು ಗೇರ್ ಬೇಕು ಅಂತ ವಾದ ಮಾಡಿದೋನು. ಗೇರ್ ಹಾಕೋದು ಮುದುಕ್ರಿಗೆ ಅಂತ ಆಗ ರೇಸಿನೋರು ಆಡ್ಕೊಳ್ತಿದ್ರು, ಟೂರ್ ದ ಫ್ರಾನ್ಸ್ ರೇಸಲ್ಲಿ ಗೇರ್ ಬದಲಾಯಿಸೋ ಡಿರೇಲರ್‌ಗೆ ಪರ್ಮಿಷನ್ ಸಿಕ್ಕಿದ್ದೇ 1937ರಲ್ಲಿ. ಹಸಿವಾಗೋ ಮುಂಚೆ ತಿನ್ನಬೇಕು, ಬಾಯಾರೋ ಮುಂಚೆ ಕುಡೀಬೇಕು ಅಂತ ಎಲ್ಲ ಸೈಕಲ್‌ನೋರೂ ಹೇಳೋದು ಅವನದ್ದೇ. ಜಂಭಕ್ಕೆ ಪೆಡಲ್ ತುಳೀಬೇಡಿ ಅಂತಾನೂ ಹೇಳಿದಾನೆ, ಅದನ್ನ ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ.

ಸಂಜೆ ಅತ್ತೆ ಕಾಲಿಗೆ ಹಚ್ಚಕ್ಕೆ ಎಣ್ಣೆ ಬಿಸಿ ಮಾಡಿ ಕೊಟ್ರು. ಮುಖ ನೋಡಿ ಕೇಳಿದ್ರು, ಹೇಳ್ದೆ. ಅತ್ತೆದು ಕೊಳ್ಳೇಗಾಲದ ಕಡೆ, ಚಿಕ್ಕೋರಿದ್ದಾಗ ಮಾದಪ್ಪನ ಬೆಟ್ಟಕ್ಕೆ ಊರಿಗೂರೇ ನಡ್ಕೊಂಡು ಹೋಗ್ತಿದ್ದೋರು.

“ನಮ್ಮಲ್ಲಿ ಮುದುಕೀರ್ನ ಮುಂದೆ ಬಿಡ್ತಿದ್ರು ಕಣಮ್ಮ. ಅವ್ರು ಎಷ್ಟು ಬೇಗ ಹೋಗ್ತಾರೋ ಅಷ್ಟೇ ಎಲ್ರೂ. ಗಂಡು ಹುಡುಗ್ರು ಹಿಂದೆ, ಗಂಟು ಹೊತ್ಕೊಂಡು. ಮುಂದಕ್ಕೆ ಬಂದ್ರೆ ಬೈಸ್ಕೋತಿದ್ರು.”

ಕೇಳೋಕೆ ಎಷ್ಟು ಚೆನ್ನಾಗಿದೆ. ಆದ್ರೆ ಸೈಕಲ್ಲಲ್ಲಿ ಹಾಗೆ ಮಾಡಕ್ಕಾಗಲ್ಲ ಅತ್ತೆ ಅಂದೆ, ಮುಂದೆ ಇರೋರು ಗಾಳಿ ತಿನ್ಬೇಕು, ಸುಸ್ತಾಗೋರನ್ನ ಮುಂದಿಟ್ರೆ ಇನ್ನೂ ಬೇಗ ಸುಸ್ತಾಗ್ತಾರೆ. ಅತ್ತೆ ಸ್ವಲ್ಪ ಹೊತ್ತು ಸುಮ್ನಿದ್ದು “ಹಂಗಾದ್ರೆ ಎರಡನೇದಾಗಿ ಇಟ್ಕೊಳ್ಳಿ” ಅಂದು ಎಣ್ಣೆ ಬಟ್ಟಲು ತಗೊಂಡು ಒಳಗೆ ಹೋದ್ರು. ಸೈಕಲ್ಲೇ ಹತ್ತದ ಹೆಂಗಸು!

ಎರಡನೇ ಜಾಗ. ಮುಂದೆ ಡಾಕ್ಟರಮ್ಮ, ಅವ್ರು ಮೆಟ್ರೊನೋಮ್ ಥರ, ಜಗ್ಗಲ್ಲ, ಅವ್ರ ಚಕ್ರದ ಹಿಂದೇನೇ ಮೇಷ್ಟ್ರು, ಆಮೇಲೆ ನಾನು, ಪುಟ್ಟ, ಕೊನೇಲಿ ಕ್ಯಾಪ್ಟನ್. ಕ್ಯಾಪ್ಟನ್ ಹಿಂದೆ ಇದ್ರೆ ಎಲ್ರೂ ಕಾಣ್ತಾರೆ, ತುದೀಲಿ ಎಳಿಯೋಕೆ ದಾರೀನೂ ಇರಲ್ಲ. ಲೆಕ್ಕ ಮಾಡಿ ನೋಡ್ದೆ, 380ಕ್ಕೆ 24 ಗಂಟೆ ಅಂದ್ರೆ ಗಂಟೆಗೆ 16ರ ಹತ್ರ ಅಷ್ಟೇ, ಊಟ ತಿಂಡಿ ಪಂಚರ್ರು ನಿದ್ದೆ ಎಲ್ಲಾ ಸೇರಿ 4 ಗಂಟೆ ತೆಗೆದ್ರೂ ಓಡ್ಸುವಾಗ 19 ಬಂದ್ರೆ ಆಯ್ತು. ಇವತ್ತು ಮೇಷ್ಟ್ರು ಒಬ್ರೇ ಗಾಳೀಲಿ ತುಳ್ಕೊಂಡೂ ಅದಕ್ಕಿಂತ ಜಾಸ್ತಿ ಬಂದಿದಾರೆ. ಅಂದ್ಮೇಲೆ ಈ ಡ್ರಾಪ್ ಆಗೋ ಮಾತು ಬಂದಿದ್ದಾದ್ರೂ ಎಲ್ಲಿಂದ? ಅವಸರ ಯಾರಿಗಿದೆ?

ಕ್ಯಾಪ್ಟನ್‌ಗೆ ಫೋನ್ ಮಾಡಿ ಹೇಳೋಣ ಅಂತ ಎರಡು ಸಲ ನಂಬರ್ ತೆಗ್ದೆ. ಅವ್ರಿಗೆ ಕೊನೇಲಿ ಹೋಗಿ ಅನ್ನೋದು ಹೆಂಗೆ? ಪವರ್ ಮೀಟರ್‌ಗೆ ಅಷ್ಟು ದುಡ್ಡು ಸುರಿದಿದಾರೆ. “ಸ್ವೀಪ್ ಮಾಡಕ್ಕೆ ಸ್ಟ್ರಾಂಗ್ ರೈಡರೇ ಬೇಕು” ಅಂತ ಹೇಳಿದ್ರೆ ಒಪ್ತಾರೇನೋ. ಸ್ವೀಪ್ ಅಂದ್ರೆ ಕೊನೇಲಿ ಎಲ್ರನ್ನೂ ನೋಡ್ಕೊಂಡು ಬರೋದಷ್ಟೇ, ಆದ್ರೆ ಆ ಹೆಸರು ಕೇಳಿದ್ರೆ ಏನೋ ಪದವಿ ಕೊಟ್ಟ ಹಾಗಿರತ್ತೆ. ನಮ್ಮನೆಯವ್ರನ್ನ ಕೇಳಿದ್ರೆ “ನಿಮ್ಮ ಐದು ಜನದ ರಾಜಕೀಯ ವಿಧಾನಸೌಧದಲ್ಲೂ ಇಲ್ಲ” ಅಂತ ಕ್ರಿಕೆಟ್ ಹೈಲೈಟ್ಸಿಗೆ ವಾಪಸ್ ಹೋದ್ರು.

ಇನ್ನೂ ಕೆಲಸ ಬೇಕಾದಷ್ಟಿದೆ. ನನ್ನ ಹಿಂದಿನ ಟೈರ್ ಸವೆದಿದೆ, ಈ ಸಲ 32 ಎಂಎಂ ಅಗಲದ್ದು ಹಾಕ್ಸೋದಾ 28ರಲ್ಲೇ ಇರೋದಾ ಗೊತ್ತಾಗ್ತಿಲ್ಲ. ಹೆಡ್‌ಲೈಟ್ ಹೈ ಅಲ್ಲಿ ಇಟ್ರೆ ಮೂರು ಗಂಟೆ ಬರಲ್ಲ, ನಮಗೆ ಬಾಣಾವರದ ಹತ್ರ ಕತ್ತಲಾದ್ರೆ ಬೆಂಗಳೂರಿನವರೆಗೂ ಕತ್ತಲೇ, ಪವರ್ ಬ್ಯಾಂಕ್ ಎಲ್ಲಿ ಕಟ್ಟೋದು. ಜಾಕೆಟ್, ರಿಫ್ಲೆಕ್ಟರ್ ಎಲ್ಲಾ ತೆಗೆದು ಕುರ್ಚಿ ಮೇಲೆ ಹಾಕಿದೀನಿ, ಮಗಳು ಅದ್ರ ಮೇಲೆ ಯೂನಿಫಾರ್ಮ್ ಹಾಕಿದಾಳೆ. ಅರಸೀಕೆರೆ ಜಂಕ್ಷನ್ ಆಗಿರೋದ್ರಿಂದ ರಾತ್ರಿ ಟೀ ಸಿಗತ್ತೆ, ಅಲ್ಲೇ ಯಾವ್ದಾದ್ರೂ ಎಟಿಎಂ ಚೀಟಿ ತಗೊಂಡ್ರೆ ಬಂದು ಹೋಗಿದ್ದಕ್ಕೆ ಸಾಕ್ಷಿನೂ ಆಯ್ತು. ತಿಪಟೂರು ದಾಟಿ ಗುಬ್ಬಿ ಕಡೆ ಹೋಗುವಾಗ ಇಬ್ಬನಿ ಇರತ್ತೋ ಏನೋ, ಮಧ್ಯರಾತ್ರಿ ಆ ರಸ್ತೇಲಿ ಲಾರಿಗಳು ಬೇರೆ.

ಈಗ ಒಂಬತ್ತೂ ಮುಕ್ಕಾಲಿಗೆ ಗ್ರೂಪಲ್ಲಿ ಮೇಷ್ಟ್ರದ್ದು ಮೆಸೇಜ್ ಬಂತು. “ತಿಪಟೂರಲ್ಲಿ ನನ್ನ ಹಳೇ ಶಿಷ್ಯ ಹೋಟ್ಲು ಇಟ್ಟಿದಾನೆ. ರಾತ್ರಿ ಎಷ್ಟೊತ್ತಿಗೆ ಬಂದ್ರೂ ಬಿಸಿ ಅನ್ನ ಸಾರು ಹಾಕ್ತಾನಂತೆ. ಎಷ್ಟು ಜನಕ್ಕೆ ಅಂತ ಕೇಳ್ತಾ ಇದಾನೆ. ಎಷ್ಟು ಹೇಳ್ಲಿ?”

ಎಲ್ರದ್ದೂ ನೀಲಿ ಟಿಕ್ ಬಿದ್ದಿದೆ. ಪುಟ್ಟ ಟೈಪಿಂಗ್ ಅಂತ ಬಂದು ನಿಂತು ಹೋಯ್ತು. ಡಾಕ್ಟರಮ್ಮ ಒಂದು ಥಂಬ್ಸ್ ಅಪ್ ಹಾಕಿದಾರೆ, ಯಾವ್ದಕ್ಕೆ ಅಂತ ಗೊತ್ತಿಲ್ಲ. ನಾನು 5 ಅಂತ ಹಾಕ್ಬಿಟ್ಟೆ. ಕ್ಯಾಪ್ಟನ್ ನೋಡಿದಾರೆ, ಏನೂ ಹೇಳಿಲ್ಲ. ನಾಳೆ ಬೆಳಗ್ಗೆ ಫೋನ್ ಮಾಡಿ ಸ್ವೀಪ್ ವಿಷಯ ತೆಗೆಯೋದಾ, ಇಲ್ಲಾ ಬುಧವಾರ ಬೆಟ್ಟದ ಕೆಳಗೆ ಸಿಕ್ಕಾಗ ಮುಖಾಮುಖಿ ಹೇಳೋದಾ, ಫೋನಲ್ಲಾದ್ರೆ ಅವ್ರು “ಮೇಡಂ ನೀವೇ ಕ್ಯಾಪ್ಟನ್ ಆಗ್ಬಿಡಿ” ಅಂದ್ಬಿಡ್ತಾರೆ, ಅದೊಂದು ಅಭ್ಯಾಸ ಅವ್ರಿಗೆ, ಅವ್ರು ಅಂದ್ರೆ ಅನ್ಲಿ, ನಾನು “ಆಯ್ತು” ಅಂದ್ಬಿಟ್ರೆ ಏನಾಗತ್ತೆ ಅಂತ ಯೋಚಿಸ್ತಾ ಇದೀನಿ.